ಮಾರುಕಟ್ಟೆಯ ಬೆಲೆ, ಸಂಬಳದ ಪುಸ್ತಕ

ಕಾರ್ಮಿಕ ಕಾನೂನಿನ ಬದಲಾವಣೆ ಎಂದಕೂಡಲೇ ನೆನಪಾಗುವುದು ಸಂಸತ್ತು. 29 ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದದ್ದು ಅಂಥ ದೊಡ್ಡ ಬದಲಾವಣೆ. ಪತ್ರಿಕೆ ಓದುವ ಮಾಲೀಕರೆಲ್ಲರಿಗೂ ಅದು ತಿಳಿಯಿತು. ಆದರೆ ಮಸೂದೆಯಿಲ್ಲದೆ, ಮತದಾನವಿಲ್ಲದೆ ವರ್ಷವರ್ಷವೂ ಸದ್ದಿಲ್ಲದೆ ಬದಲಾಗುವ ಅಂಕಿಯೊಂದಿದೆ. ಅದು ಕನಿಷ್ಠ ವೇತನದೊಳಗಿನ ವ್ಯತ್ಯಸ್ಥ ತುಟ್ಟಿಭತ್ಯೆ. ಹೋಟೆಲಿನಿಂದ ಗಾರ್ಮೆಂಟ್ಸ್ ಘಟಕದವರೆಗೆ, ಕರ್ನಾಟಕದ ಸಂಬಳದ ಪುಸ್ತಕಗಳಲ್ಲಿ ಈ ಅಂಕಿ ಏಪ್ರಿಲ್ 1ರಿಂದ ಹೊಸದಾಗುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ.

ಮೂಲ ವೇತನವನ್ನು ಸಾಮಾನ್ಯವಾಗಿ ಐದು ವರ್ಷ ಮೀರದ ಅಂತರದಲ್ಲಿ ಪರಿಷ್ಕರಿಸಬೇಕೆಂದು ಕಾನೂನು ಹೇಳುತ್ತದೆ. ಅಕ್ಕಿ, ಬೇಳೆ, ಮನೆ ಬಾಡಿಗೆಗಳು ಐದು ವರ್ಷ ಕಾಯುವುದಿಲ್ಲ. ಈ ನಡುವಿನ ಅಂತರವನ್ನು ತುಂಬಲೆಂದೇ ವೇತನದ ಒಂದು ಭಾಗವನ್ನು ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಕಟ್ಟಲಾಗಿದೆ. ಸೂಚ್ಯಂಕ ಏರಿದ ಪ್ರತಿ ಅಂಶಕ್ಕೂ ಇಷ್ಟೆಂದು ಲೆಕ್ಕ ಹಾಕಿ ಭತ್ಯೆ ಏರುತ್ತದೆ.

ಆ ಸೂಚ್ಯಂಕ ಹುಟ್ಟುವ ಬಗೆಯೇ ಒಂದು ವಿಸ್ಮಯ. ಕೇಂದ್ರದ ಕಾರ್ಮಿಕ ಬ್ಯೂರೋ ದೇಶದ 88 ಕೈಗಾರಿಕಾ ಕೇಂದ್ರಗಳ 317 ಮಾರುಕಟ್ಟೆಗಳಿಂದ ಚಿಲ್ಲರೆ ಬೆಲೆಗಳನ್ನು ಸಂಗ್ರಹಿಸುತ್ತದೆ. ಕಾರ್ಮಿಕ ಕುಟುಂಬಗಳ ಖರ್ಚನ್ನು ಸಮೀಕ್ಷೆಯಿಂದ ತಿಳಿದು, ಯಾವ ವಸ್ತುವಿಗೆ ಎಷ್ಟು ತೂಕ ಎಂಬುದನ್ನು ನಿಗದಿಪಡಿಸಲಾಗುತ್ತದೆ. ಈ ತೂಕಗಳು ಬದುಕಿನ ಚಲನೆಯನ್ನೇ ಹೇಳುತ್ತವೆ. 2001ರ ಸರಣಿಯಲ್ಲಿ ಆಹಾರ ಗುಂಪಿನ ಪಾಲು ಶೇ 46ರಷ್ಟಿದ್ದರೆ, 2016ರ ಸರಣಿಯಲ್ಲಿ ಸುಮಾರು ಶೇ 39ಕ್ಕೆ ಇಳಿಯಿತು. ವಸತಿ ಮತ್ತು ಇತರೆ ಖರ್ಚುಗಳ ಪಾಲು ಏರಿತು.

ಆಧಾರ ವರ್ಷ ಬದಲಾದಾಗ ಅಂಕಿ ಮತ್ತೆ ನೂರರಿಂದ ಶುರುವಾಗುತ್ತದೆ. ಹಾಗೆಂದು ಬೆಲೆ ಕುಸಿದಿರುವುದಿಲ್ಲ. ಹಳೆಯ ಅಳತೆಗೂ ಹೊಸದಕ್ಕೂ ನಡುವೆ ಜೋಡಣಾ ಗುಣಕವೆಂಬ ಸೇತುವೆಯಿರುತ್ತದೆ: 2016ರಿಂದ 2001ಕ್ಕೆ 2.88, ಅಲ್ಲಿಂದ 1982ಕ್ಕೆ 4.63, ಅಲ್ಲಿಂದ 1960ಕ್ಕೆ 4.93. ಹೊಸ ಸರಣಿಯ 118 ಎಂಬ ಪುಟ್ಟ ಅಂಕಿಯನ್ನು ಈ ಮೂರರಿಂದಲೂ ಗುಣಿಸಿದರೆ ಬರುವುದು ಸುಮಾರು 7,757. ಅರವತ್ತು ವರ್ಷಗಳ ಬೆಲೆಯೇರಿಕೆ ಮೂರು ಗುಣಾಕಾರಗಳಲ್ಲಿ ಅಡಗಿದೆ! ಗುಣಕವನ್ನು ಮರೆತ ಲೆಕ್ಕಿಗನಿಗೆ ಕಾಣುವುದು 118 ಮಾತ್ರ.

ಎರಡು ಗಡಿಯಾರಗಳ ತೊಡಕೂ ಇದೆ. ಕರ್ನಾಟಕದ ಭತ್ಯೆ ವರ್ಷಕ್ಕೊಮ್ಮೆ ಬದಲಾದರೆ, ಕೇಂದ್ರ ಸರ್ಕಾರದ ವ್ಯಾಪ್ತಿಯ ಕೆಲಸಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಎರಡು ಬಾರಿ ಬದಲಾಗುತ್ತದೆ. ಕಾರ್ಖಾನೆಗೂ ರೈಲು ನಿಲ್ದಾಣಕ್ಕೂ ಸ್ವಚ್ಛತಾ ಸಿಬ್ಬಂದಿಯನ್ನು ಒದಗಿಸುವ ಗುತ್ತಿಗೆದಾರ ಎರಡೂ ಕ್ಯಾಲೆಂಡರ್‌ಗಳನ್ನು ಗೋಡೆಗೆ ತೂಗುಹಾಕಬೇಕು. ಬದಲಾದ ಅಂಕಿ ತುಟ್ಟಿಭತ್ಯೆಯ ಕಲಮಿನಲ್ಲೇ ನಿಲ್ಲುವುದೂ ಇಲ್ಲ. ತುಟ್ಟಿಭತ್ಯೆ ವೇತನದ ಭಾಗವಾದ್ದರಿಂದ ಭವಿಷ್ಯನಿಧಿ, ಗ್ರಾಚ್ಯುಟಿಗಳ ಲೆಕ್ಕಕ್ಕೂ ಅದು ಸಾಗುತ್ತದೆ. ಹೊಸ ಸಂಹಿತೆಯ ಪ್ರಕಾರ ವೇತನದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟೂ ವೇತನವೆಂದೇ ಗಣನೆಯಾಗುತ್ತದೆ. ಒಂದು ಅಂಕಿ ಅಲುಗಿದರೆ ಇಡೀ ಸಂಬಳದ ಚೀಟಿಯೇ ಅಲುಗುತ್ತದೆ.

ಈ ವ್ಯವಸ್ಥೆಯ ನಿಜವಾದ ದೌರ್ಬಲ್ಯ ಅದರ ನಿಧಾನ. ಕರ್ನಾಟಕದ ಲೆಕ್ಕ ಹಿಂದಿನ ಇಡೀ ಕ್ಯಾಲೆಂಡರ್ ವರ್ಷದ ರಾಜ್ಯ ಸರಾಸರಿ ಸೂಚ್ಯಂಕವನ್ನು ಹಿಡಿಯುತ್ತದೆ. ಜನವರಿಯಲ್ಲಿ ಏರಿದ ಬೇಳೆಯ ಬೆಲೆ ಡಿಸೆಂಬರಿನವರೆಗಿನ ಸರಾಸರಿಯಲ್ಲಿ ಕರಗಿ, ಮುಂದಿನ ಏಪ್ರಿಲ್‌ನ ದರದಲ್ಲಿ ಕಾಣಿಸಿಕೊಳ್ಳುತ್ತದೆ. ಆ ತಿಂಗಳ ಸಂಬಳ ಮೇ 7ರೊಳಗೆ ಕೈಸೇರಬೇಕು. ಅಷ್ಟರಲ್ಲಿ ಹದಿನಾರು ತಿಂಗಳು ಕಳೆದಿರುತ್ತವೆ. ಅಲ್ಲಿಯವರೆಗೆ ಏರಿದ ಬೆಲೆಯನ್ನು ಕಾರ್ಮಿಕರೇ ಭರಿಸಿರುತ್ತಾರೆ. ಮಾಲೀಕರು ಅಧಿಸೂಚನೆಯನ್ನು ಜೂನ್‌ನಲ್ಲೋ ಜುಲೈನಲ್ಲೋ ಗಮನಿಸಿ ಬಾಕಿ ಕೊಟ್ಟರೂ ಆ ಹದಿನಾರು ತಿಂಗಳಿಗೆ ಇನ್ನೆರಡು ಮೂರು ತಿಂಗಳು ಸೇರಿರುತ್ತವೆ.