ಸಿಡಿಯದ ಕಾರ್ಬೈಡ್ ಗನ್ ಒಳಗೆ ಇಣುಕಬೇಡಿ

ಪೈಪಿನೊಳಗೆ ಕಾರ್ಬೈಡ್ ಚೂರು, ನೀರು ಹಾಕಿ ಲೈಟರ್ ಕಿಡಿಯಿಂದ ಸಿಡಿಸುವ ಕಾರ್ಬೈಡ್ ಗನ್ ಒಮ್ಮೊಮ್ಮೆ ಲೈಟರ್ ಒತ್ತಿದರೂ ಸಿಡಿಯುವುದಿಲ್ಲ, ಇಣುಕಿ ನೋಡುವಾಗ ತಟ್ಟನೆ ಸಿಡಿಯುತ್ತದೆ. ಏಕೆ?

ಕ್ಯಾಲ್ಸಿಯಂ ಕಾರ್ಬೈಡ್ ಚೂರಿಗೆ ನೀರು ತಾಗಿದೊಡನೆ ಅಸಿಟಿಲೀನ್ ಅನಿಲ ಬುಸುಗುಟ್ಟುತ್ತಾ ಹೊರಡುತ್ತದೆ, ಸುಣ್ಣ ಉಳಿಯುತ್ತದೆ. ಒಲೆಗೆ ಸೌದೆ ಒತ್ತೊತ್ತಾಗಿ ತುರುಕಿದರೆ ಉರಿ ಹತ್ತುವುದಿಲ್ಲ. ಹಾಗೆಯೇ ಪೈಪಿನಲ್ಲಿ ಅನಿಲವೇ ತುಂಬಿ ಗಾಳಿ ಸಾಲದಿದ್ದರೆ ಕಿಡಿ ಹಾರಿದರೂ ಹೊತ್ತಿಕೊಳ್ಳದು. ಆದರೆ ಚೂರು ಒದ್ದೆಯಿರುವವರೆಗೂ ಅನಿಲ ಹುಟ್ಟುತ್ತಲೇ ಇರುತ್ತದೆ, ಪೈಪಿನ ಬಾಯಿಂದ ಗಾಳಿಯೂ ನುಸುಳುತ್ತದೆ. ಗಾಳಿಯಲ್ಲಿ ಸುಮಾರು ಶೇ. 2.5ರಷ್ಟು ಅಸಿಟಿಲೀನ್ ಇದ್ದರೂ ಸಿಡಿಯಬಲ್ಲದು. ಮಿಶ್ರಣ ಹದಕ್ಕೆ ಬಂದಾಗ ಒಂದು ಕಿಡಿ ಸಾಕು, ಬೆಂಕಿಯೂ ಸುಡುವ ಸುಣ್ಣವೂ ನೇರ ಕಣ್ಣಿಗೆ ಬಡಿಯುತ್ತವೆ. 2025ರ ದೀಪಾವಳಿಯಲ್ಲಿ ಭೋಪಾಲದ ಅನೇಕ ಮಕ್ಕಳ ಕಣ್ಣಿಗೆ ಈ ಗನ್ನಿನಿಂದ ಪೆಟ್ಟಾಯಿತು. ದಯವಿಟ್ಟು ಇದನ್ನು ಮಾಡಲೂ ಬೇಡಿ, ಕೊಳ್ಳಲೂ ಬೇಡಿ. ಕಣ್ಣಿಗೆ ಸಿಡಿದರೆ ಉಜ್ಜದೆ, ಧಾರಾಳವಾಗಿ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.