ಕಂಪ್ಯೂಟರ್ ಬರೆದ ಮೊದಲ ಚಿತ್ರಗಳು

ಕಂಪ್ಯೂಟರ್‌ನಿಂದ ಮೂಡಿದ ಚಿತ್ರಗಳು ಕಲಾಕೃತಿಗಳಾಗಿ ಗೋಡೆಯೇರಿದ್ದು 1965ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಮ್ಯಾಕ್ಸ್ ಬೆನ್ಸೆ ತಾಂತ್ರಿಕ ವಿದ್ಯಾಲಯದ ಪುಟ್ಟ ಗ್ಯಾಲರಿಯಲ್ಲಿ ಗಿಯೋರ್ಗ್ ನೀಸ್ ಅವರ ರೇಖಾಚಿತ್ರಗಳನ್ನು ಪ್ರದರ್ಶಿಸಿದರು. ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನ ಹೊವರ್ಡ್ ವೈಸ್ ಗ್ಯಾಲರಿ ಮೈಕೆಲ್ ನೋಲ್ ಮತ್ತು ಬೇಲಾ ಯೂಲೆಸ್ ಅವರ ಚಿತ್ರಗಳಿಗೆ ಜಾಗ ಕೊಟ್ಟಿತು. ನವೆಂಬರ್‌ನಲ್ಲಿ ಮತ್ತೆ ಸ್ಟುಟ್‌ಗಾರ್ಟ್‌ನಲ್ಲೇ ನೀಸ್ ಜೊತೆಗೆ ಫ್ರೀಡರ್ ನಾಕೆ ಸೇರಿಕೊಂಡರು. ಇವರಾರೂ ಕಲಾಶಾಲೆಯಿಂದ ಬಂದವರಲ್ಲ. ನೀಸ್ ಸೀಮೆನ್ಸ್ ಕಂಪನಿಯಲ್ಲಿದ್ದರು, ನೋಲ್ ಮತ್ತು ಯೂಲೆಸ್ ಅಮೆರಿಕದ ಬೆಲ್ ಪ್ರಯೋಗಾಲಯದ ಸಂಶೋಧಕರು, ನಾಕೆ ಗಣಿತದ ವಿದ್ಯಾರ್ಥಿ. ಕಂಪ್ಯೂಟರ್ ಎಂಬುದು ಕೋಣೆ ತುಂಬುವ ದುಬಾರಿ ಯಂತ್ರವಾಗಿದ್ದ ಆ ದಿನಗಳಲ್ಲಿ ಅದನ್ನು ಮುಟ್ಟುವ ಅವಕಾಶವಿದ್ದದ್ದೇ ಇಂಥವರಿಗೆ.

ಚಿತ್ರ ಮೂಡುತ್ತಿದ್ದ ಬಗೆ ಇಂದಿನವರಿಗೆ ವಿಚಿತ್ರವೆನಿಸಬಹುದು. ನಾಕೆಯವರ ಮುಂದೆ ಪರದೆಯೇ ಇರಲಿಲ್ಲ. ಅವರು ಬರೆದ ಪ್ರೋಗ್ರಾಂ ಪ್ರಕಾರ ಕಂಪ್ಯೂಟರ್ ಲೆಕ್ಕ ಹಾಕಿ, ಗೆರೆಗಳ ಸ್ಥಾನವನ್ನು ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ಕೊರೆದು ಕೊಡುತ್ತಿತ್ತು. ಆ ಪಟ್ಟಿಯನ್ನು ಗ್ರಾಫೊಮ್ಯಾಟ್ ಝಡ್ 64 ಎಂಬ ಪ್ಲಾಟರ್‌ಗೆ ಒಯ್ದು ಹಾಕಬೇಕು. ಕಂಪ್ಯೂಟರ್ ನಿರ್ಮಾಣದ ಆದ್ಯರಲ್ಲೊಬ್ಬರಾದ ಕೊನ್ರಾಡ್ ತ್ಸೂಸೆ ಅವರ ಕಂಪನಿಯ ಯಂತ್ರವದು. ಅದರ ಮೇಜಿನ ಮೇಲೆ ಹಾಸಿದ ಕಾಗದದ ಮೇಲೆ ಮಸಿಯ ಪೆನ್ನು ಓಡಾಡುತ್ತ ಒಂದೊಂದೇ ಗೆರೆ ಎಳೆಯುತ್ತಿತ್ತು. ಪೆನ್ನು ನಿಂತ ಮೇಲೆಯೇ ಚಿತ್ರ ಹೇಗಿದೆಯೆಂದು ಬರೆದವರಿಗೂ ಪೂರ್ತಿ ತಿಳಿಯುತ್ತಿದ್ದದ್ದು. ಬೆಲ್ ಪ್ರಯೋಗಾಲಯದಲ್ಲಿ ದಾರಿ ಬೇರೆ: ಅಲ್ಲಿ ಕ್ಯಾಥೋಡ್ ಕಿರಣದ ಕೊಳವೆಯ ಮೇಲೆ ಹೊಳೆದ ಗೆರೆಗಳನ್ನು ಕ್ಯಾಮೆರಾ ಮೈಕ್ರೋಫಿಲ್ಮ್‌ಗೆ ಇಳಿಸಿಕೊಳ್ಳುತ್ತಿತ್ತು.

ಯಂತ್ರ ಹೇಳಿದ್ದನ್ನಷ್ಟೇ ಮಾಡುವುದಾದರೆ ಅಚ್ಚರಿ ಎಲ್ಲಿಂದ ಬರಬೇಕು? ಇದಕ್ಕೆ ಅವರು ಕಂಡುಕೊಂಡ ಉಪಾಯ ಯಾದೃಚ್ಛಿಕ ಸಂಖ್ಯೆಗಳು. ಯಾವುದು ಬದಲಾಗಬಹುದು, ಎಷ್ಟರವರೆಗೆ ಬದಲಾಗಬಹುದು ಎಂಬ ಎಲ್ಲೆಯನ್ನು ಪ್ರೋಗ್ರಾಂ ಬರೆಯುವವರು ಹಾಕುತ್ತಾರೆ. ಆ ಎಲ್ಲೆಯೊಳಗಿನ ಆಯ್ಕೆ ಸಂಖ್ಯೆಗಳದ್ದು. ನೀಸ್ ಅವರ ‘ಶೋಟರ್’ ಇದನ್ನು ಕಣ್ಣಿಗೆ ಕಟ್ಟಿಸುತ್ತದೆ. ಸಾಲಿಗೆ 12ರಂತೆ 22 ಸಾಲು ಚೌಕಗಳು. ಮೇಲ್ಗಡೆ ಅವು ಶಿಸ್ತಾಗಿ ಕೂತಿವೆ. ಕೆಳಗಿಳಿದಂತೆ ಆಕಸ್ಮಿಕಕ್ಕೆ ಬಿಟ್ಟ ಅವಕಾಶ ಹೆಚ್ಚುತ್ತದೆ, ಚೌಕಗಳು ವಾಲುತ್ತವೆ, ಜಾರುತ್ತವೆ, ಒಂದರ ಮೇಲೊಂದು ಬೀಳುತ್ತವೆ. ಜಲ್ಲಿಕಲ್ಲು ಎಂಬ ಅರ್ಥದ ಹೆಸರು ಅದಕ್ಕೆ ಒಪ್ಪುತ್ತದೆ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಕುಸಿತದ ಭಾವವನ್ನು ಇಷ್ಟು ಗಾಢವಾಗಿ ಮೂಡಿಸಿದ ಚಿತ್ರಗಳು ವಿರಳ.

ನಾಕೆ 1965ರಲ್ಲೇ ರಚಿಸಿದ ‘ಪೌಲ್ ಕ್ಲೇಗೆ ಗೌರವ’ ಇನ್ನೂ ಸೂಕ್ಷ್ಮವಾದದ್ದು. ಚಿತ್ರಕಾರ ಕ್ಲೇಯ 1929ರ ‘ಹೆದ್ದಾರಿಗಳು ಮತ್ತು ಅಡ್ಡದಾರಿಗಳು’ ಚಿತ್ರದಲ್ಲಿ ಅಡ್ಡ ಗೆರೆಗಳಿಗೂ ಉದ್ದ ಗೆರೆಗಳಿಗೂ ಇರುವ ಸಂಬಂಧವೇ ಅದರ ಮೂಲ. ಬಾಗಿ ಮುರಿದು ಸಾಗುವ ಅಡ್ಡ ಗೆರೆಗಳು ಹಾಳೆಯನ್ನು ಪಟ್ಟಿಗಳಾಗಿ ಒಡೆಯುತ್ತವೆ, ಕೆಲವು ತುಂಡುಗಳೊಳಗೆ ಮಾತ್ರ ಉದ್ದ ಗೆರೆಗಳು ಒತ್ತಾಗಿ ನಿಲ್ಲುತ್ತವೆ, ನಡುನಡುವೆ ವೃತ್ತಗಳು. ನಾಕೆ ಕ್ಲೇಯನ್ನು ನಕಲು ಮಾಡಲಿಲ್ಲ, ಅವನ ಚಿತ್ರದಲ್ಲಿ ಕಂಡ ಸಂಬಂಧವನ್ನು ನಿಯಮವಾಗಿಸಿದರು.

ಯಂತ್ರದ ಚಿತ್ರಕ್ಕೆ ಕರ್ತೃ ಯಾರು ಎಂಬ ಪ್ರಶ್ನೆ ಆಗಲೇ ಕಾನೂನಿನ ಮೇಜಿಗೂ ಬಂತು. ನೋಲ್ ತಮ್ಮ ಚಿತ್ರವೊಂದಕ್ಕೆ ಹಕ್ಕುಸ್ವಾಮ್ಯ ಕೋರಿದಾಗ, ಅದನ್ನು ರಚಿಸಿದ್ದು ಯಂತ್ರವೆಂದು ಅಮೆರಿಕದ ಕಚೇರಿ ಮೊದಲು ತಿರಸ್ಕರಿಸಿತು. ಪ್ರೋಗ್ರಾಂ ಬರೆದದ್ದು ಮನುಷ್ಯನೇ ಎಂದು ಅವರು ವಿವರಿಸಿದ ಮೇಲೂ ಮತ್ತೊಮ್ಮೆ ನಿರಾಕರಿಸಿ, ಕೊನೆಗೆ ಒಪ್ಪಿತು. ಯಂತ್ರದ ಚಿತ್ರವನ್ನು ನೋಡುಗರು ಗುರುತಿಸಬಲ್ಲರೇ ಎಂದು ತಿಳಿಯಲು, ಚಿತ್ರಕಾರ ಮೊಂಡ್ರಿಯಾನ್‌ನ 1917ರ ಒಂದು ಚಿತ್ರವನ್ನೂ ಅದೇ ರೀತಿಯ ತಮ್ಮ ಕಂಪ್ಯೂಟರ್ ಚಿತ್ರವನ್ನೂ ನೋಲ್ 100 ಜನರಿಗೆ ತೋರಿಸಿದರು. 59 ಜನ ಕಂಪ್ಯೂಟರ್ ಚಿತ್ರವನ್ನೇ ಮೆಚ್ಚಿದರು. ಯಂತ್ರದ್ದು ಯಾವುದೆಂದು ಸರಿಯಾಗಿ ಗುರುತಿಸಿದವರು 28 ಮಾತ್ರ. ನೋಡಿದವರು ಪ್ರಯೋಗಾಲಯದ ಸಿಬ್ಬಂದಿಯಾದ್ದರಿಂದ ಇದನ್ನು ಕಲೆಯ ಕುರಿತ ತೀರ್ಪೆಂದು ಹಿಗ್ಗಿಸಬಾರದು.

ಮುದ್ರಣಕಲೆಯೊಂದಿಗೆ ಈ ಚಿತ್ರಗಳ ನಂಟು ಎರಡು ಬಗೆಯದು. ಪ್ಲಾಟರ್ ಎಳೆದ ಹಾಳೆ ಅಚ್ಚಲ್ಲ, ಪೆನ್ನಿನ ಚಿತ್ರ. ಹೆಚ್ಚು ಪ್ರತಿ ಬೇಕಾದಾಗ ಅದನ್ನು ಮೂಲವಾಗಿಟ್ಟುಕೊಂಡು ಸ್ಕ್ರೀನ್ ಪ್ರಿಂಟಿಂಗ್ ಇಲ್ಲವೇ ಕಲ್ಲಚ್ಚಿನ ಮೊರೆಹೋಗಬೇಕಿತ್ತು. ನಾಕೆಯವರ ಕ್ಲೇ ಚಿತ್ರ ಹೀಗೆ ಸ್ಕ್ರೀನ್ ಪ್ರಿಂಟ್ ಆಗಿ ಹಲವರ ಕೈ ಸೇರಿತು. 1968ರಲ್ಲಿ ಯಾಸಿಯಾ ರೈಕಾರ್ಟ್ ಲಂಡನ್‌ನಲ್ಲಿ ಏರ್ಪಡಿಸಿದ ‘ಸೈಬರ್ನೆಟಿಕ್ ಸೆರೆಂಡಿಪಿಟಿ’ ಪ್ರದರ್ಶನದ ಜೊತೆಗೆ ಕಂಪ್ಯೂಟರ್ ಚಿತ್ರಗಳ ಕಲ್ಲಚ್ಚುಗಳ ಕಟ್ಟೂ ಹೊರಬಂತು.

ಎರಡನೆಯ ನಂಟು ಆಳವಾದದ್ದು. ಮರದ ಅಚ್ಚಾಗಲಿ ತಾಮ್ರದ ತಗಡಾಗಲಿ, ಒಂದೇ ಮೂಲದಿಂದ ಒಂದೇ ರೂಪದ ಪ್ರತಿಗಳನ್ನು ಕೊಡುತ್ತದೆ. ಪ್ರೋಗ್ರಾಂ ಕೂಡ ಮೂಲವೇ, ಆದರೆ ಅದು ಕೊಡುವ ಒಂದೊಂದು ಹಾಳೆಯೂ ಬೇರೆಯಾಗಬಹುದು. ಇದನ್ನೇ ಬದುಕಿನ ಕೆಲಸವಾಗಿಸಿಕೊಂಡವರು ವೆರಾ ಮೊಲ್ನಾರ್. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ ಈ ಕಲಾವಿದೆ 1959ರಿಂದಲೇ ‘ಕಾಲ್ಪನಿಕ ಯಂತ್ರ’ವೊಂದರ ನಿಯಮಗಳನ್ನು ಪಾಲಿಸಿ ಕೈಯಿಂದ ಚಿತ್ರ ಬರೆಯುತ್ತಿದ್ದರು, ನಿಜವಾದ ಕಂಪ್ಯೂಟರ್ ಸಿಕ್ಕಿದ್ದು 1968ರಲ್ಲಿ. ಚೌಕದೊಳಗೆ ಚೌಕವಿಟ್ಟು, ಅವುಗಳ ಅಂಚನ್ನು ಒಂದಿಷ್ಟೇ ಅಲುಗಿಸಿ, ಹಾಳೆಯ ನಂತರ ಹಾಳೆ ತೆಗೆದರು. 2023ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡ ಅವರ ಸರಣಿಗಳಲ್ಲಿ ಯಾವುದೊಂದು ಹಾಳೆಯನ್ನೂ ಮೂಲವೆಂದೋ ಪ್ರತಿಯೆಂದೋ ಬೇರ್ಪಡಿಸಲಾಗುವುದಿಲ್ಲ.