ಬಸ್ಸೇನೋ ಪುಕ್ಕಟೆ, ಫೀ ಯಾರು ಕಟ್ಟಬೇಕು?

ಸಂಶಿ: ಕುಂದಗೋಳ ದಾಟಿ ಹುಬ್ಬಳ್ಳಿಗೆ ಓದಲು ಹೋಗುವ ಹುಡುಗಿಯರಿಗೆ 2023ರ ಜೂನ್‌ನಿಂದ ಬಸ್ ಚಾರ್ಜಿನ ಚಿಂತೆಯಿಲ್ಲ. ಚಿಂತೆ ಶುರುವಾಗುವುದು ವಿದ್ಯಾನಗರದಲ್ಲಿ ಇಳಿದ ಮೇಲೆ.

ಅಲ್ಲಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ ಹಳಬರ ಬಾಯಲ್ಲಿ ಇಂದಿಗೂ 'ಬಿವ್ಹಿಬಿ'ನೇ. 1947ರಲ್ಲಿ ಶುರುವಾದ, ದಾನಿ ಭೂಮರಡ್ಡಿಯವರ ಹೆಸರಿನ ಕಾಲೇಜು 2015ರಲ್ಲಿ ಖಾಸಗಿ ವಿಶ್ವವಿದ್ಯಾಲಯವಾಯಿತು. ಪಠ್ಯ, ಪರೀಕ್ಷೆ, ಪಿಎಚ್.ಡಿ. ಎಲ್ಲ ಈಗ ಅದರದೇ ಕಾರಭಾರ.

ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಮೂರ್ತಿ ಇಲ್ಲಿ ಸೇರಿದಾಗ ಕಾಲೇಜಿಗೆಲ್ಲ ಅವರೊಬ್ಬರೇ ಹುಡುಗಿ. ಸೀರೆಯನ್ನೇ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತು ಬೇಡ – ಇವು ಆಗಿನ ಷರತ್ತು ಎಂದು ಅವರೇ ಹೇಳಿದ್ದಾರೆ. ಹೆಂಗಸರಿಗೆ ಶೌಚಾಲಯವೂ ಇರಲಿಲ್ಲವಂತೆ! ಆ ಕಾಲ ಹೋಯಿತು.

ಈಗಿನ ಷರತ್ತು ರೊಕ್ಕದ್ದು. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಸರ್ಕಾರಿ ಕೋಟಾದ ಸೀಟು, ಇಲ್ಲದಿದ್ದರೆ ಮ್ಯಾನೇಜ್‌ಮೆಂಟ್ ದರ. ಕೋಟಾದವರಿಗೂ ಫೀ ತಪ್ಪಿದ್ದಲ್ಲ. ಅದನ್ನು ಕಟ್ಟುವುದು ಮಳೆಗಾಲದಲ್ಲಿ. ಬೀಜ-ಗೊಬ್ಬರಕ್ಕೆ ಸಾಲ ತೆಗೆದು ರೈತನ ಕೈ ಬರಿದಾದ ಹೊತ್ತು ಅದು. ಮೆಣಸಿನಕಾಯಿ ಬ್ಯಾಡಗಿ ಪೇಟೆ ಮುಟ್ಟಿ ದುಡ್ಡು ಬರುವುದು ಸಂಕ್ರಾಂತಿಯ ಆಜುಬಾಜು. ಊರಿನ ಕಿರಾಣಿ ಅಂಗಡಿಯವರು ಉದ್ರಿಯನ್ನು ಸುಗ್ಗಿತನಕ ತಡೆಯುತ್ತಾರೆ. ಫೀ ಕಂತಿನ ತಾರೀಖನ್ನೂ ಹಾಗೆ ಸುಗ್ಗಿಗೆ ಸರಿಸಲು ಬಾರದೇನು?